ಬರ್ಗೂರಿನಿಂದ ಪರಪ್ಪನ ಅಗ್ರಹಾರಕ್ಕೆ: ಒಂದು ಆಸ್ತಿ ಮೊಕದ್ದಮೆಯ ಚರಿತ್ರೆ

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಮತ್ತು ಅವರ ಮನೆಯಲ್ಲೇ ವಾಸವಾಗಿದ್ದ ಮೂವರ ಮೇಲೆ 1996ರಲ್ಲಿ ದಾಖಲಾಗಿ, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡ ಆದಾಯ ಮೀರಿದ ಆಸ್ತಿಯ ಮೊಕದ್ದಮೆಯನ್ನು ಚೆನ್ನೈನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ತೀರ್ಮಾನವಾದ ಪ್ರಕರಣವೆಂದು ಹೇಳುವುದು ರೂಢಿ. ಎರಡು ನಗರಗಳ ನಡುವಿನ ಕೃಷ್ಣಗಿರಿ ಸೀಮೆಗೂ ಅದಕ್ಕೂ ಇದ್ದ ನಂಟನ್ನು ನೆನೆಯುವವರು ಕಡಿಮೆ. ಜಯಲಲಿತಾ ಮೊದಲ ಬಾರಿ ಮುಖ್ಯಮಂತ್ರಿಯಾದಾಗ ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದು ಇದೇ ಸೀಮೆಯ ಬರ್ಗೂರು ಕ್ಷೇತ್ರವನ್ನು. ತನಿಖಾಧಿಕಾರಿಗಳು ಲೆಕ್ಕಕ್ಕೆ ತೆಗೆದುಕೊಂಡ ಅವಧಿ, ಅಂದರೆ 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗಿನ ಕಾಲ, ಅವರು ಬರ್ಗೂರಿನ ಶಾಸಕಿಯಾಗಿದ್ದ ಕಾಲವೇ ಆಗಿತ್ತು.

ಆಗ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 2004ರ ಫೆಬ್ರವರಿಯಲ್ಲಿ ಅದು ಧರ್ಮಪುರಿಯಿಂದ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿ, ಕಾವೇರಿ ಕಣಿವೆಯತ್ತ ಇಳಿಯುವ ಕಾಡುಗುಡ್ಡಗಳ ನಡುವಿನ ನಾಟ್ರಾಂಪಾಳ್ಯ, ಹೀಗೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಊರುಗಳು ಈ ಸೀಮೆಯ ಪಶ್ಚಿಮದ ಅಂಚಿನಲ್ಲಿದ್ದರೆ, ಬರ್ಗೂರು ಪೂರ್ವದಲ್ಲಿ, ಚೆನ್ನೈನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಮೇಲೆಯೇ ಇದೆ. ನಾಟ್ರಾಂಪಾಳ್ಯದಂಥ ಊರಿನಲ್ಲಿ ಮನೆಯೊಳಗೆ ಕನ್ನಡವಾಡುವ ಕುಟುಂಬಗಳಿಗೂ ಪಡಿತರ ಚೀಟಿ, ಜಮೀನಿನ ಪಟ್ಟಾ, ಪೊಲೀಸ್ ಠಾಣೆ ಎಲ್ಲವೂ ತಮಿಳುನಾಡಿನವು. ಪೇಟೆಯ ವ್ಯವಹಾರಕ್ಕೂ ಕೂಲಿಗೂ ಬೆಂಗಳೂರು ಹತ್ತಿರ. ಒಂದು ರಾಜ್ಯದ ಮುಖ್ಯಮಂತ್ರಿಯನ್ನು ಇನ್ನೊಂದು ರಾಜ್ಯದ ನ್ಯಾಯಾಲಯ ವಿಚಾರಣೆ ಮಾಡುವುದೆಂದರೇನು ಎಂಬುದನ್ನು ಎರಡೂ ಕಡೆಯಿಂದ ಕಂಡ ಜನ ಇಲ್ಲಿಯವರು.

1991ರ ಮೇ 21ರಂದು ರಾಜೀವ್ ಗಾಂಧಿ ಹತ್ಯೆಯಾದ ಬಳಿಕ ನಡೆದ ಚುನಾವಣೆಯಲ್ಲಿ ಜಯಲಲಿತಾ ಅವರ ಅಣ್ಣಾ ಡಿಎಂಕೆ ಮತ್ತು ಕಾಂಗ್ರೆಸ್ ಮೈತ್ರಿಕೂಟ ತಮಿಳುನಾಡಿನ 234 ಸ್ಥಾನಗಳಲ್ಲಿ 225ನ್ನು ಗೆದ್ದುಕೊಂಡಿತು. ಬರ್ಗೂರು ಮತ್ತು ಕಾಂಗೇಯಂ ಎರಡರಲ್ಲೂ ಗೆದ್ದ ಜಯಲಲಿತಾ ಬರ್ಗೂರನ್ನು ಉಳಿಸಿಕೊಂಡರು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿ, ಬೆಂಗಳೂರು ಮತ್ತು ಮದರಾಸಿನಲ್ಲಿ ಬೆಳೆದು, ಚಿತ್ರರಂಗದಿಂದ ರಾಜಕೀಯಕ್ಕೆ ಬಂದ ಅವರು ಮುಖ್ಯಮಂತ್ರಿಯಾಗಿ ತಿಂಗಳಿಗೆ 1 ರೂಪಾಯಿ ಮಾತ್ರ ಸಂಬಳ ಪಡೆಯುವುದಾಗಿ ಘೋಷಿಸಿದ್ದರು. ಉದಾರವಾಗಿ ಕಂಡ ಈ ನಿಲುವೇ ಮುಂದೆ ಅವರಿಗೆ ತೊಡಕಾಯಿತು, ಏಕೆಂದರೆ ಐದು ವರ್ಷದಲ್ಲಿ ಕೂಡಿದ ಆಸ್ತಿಗೆ ಸಂಬಳವನ್ನು ಮೂಲವಾಗಿ ತೋರಿಸುವ ದಾರಿಯೇ ಉಳಿಯಲಿಲ್ಲ.

ಮೂವರು ಸಹ ಆರೋಪಿಗಳು ಒಂದೇ ಬಂಧುಬಳಗದವರು. ವಿ.ಕೆ. ಶಶಿಕಲಾ ಜಯಲಲಿತಾ ಅವರ ಆಪ್ತ ಗೆಳತಿ, ವಿ.ಎನ್. ಸುಧಾಕರನ್ ಶಶಿಕಲಾ ಅವರ ಅಕ್ಕನ ಮಗ, ಜೆ. ಇಳವರಸಿ ಶಶಿಕಲಾ ಅವರ ದಿವಂಗತ ಅಣ್ಣನ ಹೆಂಡತಿ. ಯಾರಿಗೂ ಜಯಲಲಿತಾ ಅವರೊಡನೆ ರಕ್ತಸಂಬಂಧವಿರಲಿಲ್ಲ; ಸುಧಾಕರನ್ ಅವರನ್ನು ಸಾಕುಮಗನೆಂದು ಘೋಷಿಸಿ, 1995ರ ಸೆಪ್ಟೆಂಬರ್ 7ರಂದು ನಟ ಶಿವಾಜಿ ಗಣೇಶನ್ ಅವರ ಮೊಮ್ಮಗಳೊಂದಿಗೆ ಚೆನ್ನೈನಲ್ಲಿ ಮದುವೆ ಮಾಡಿಸಲಾಯಿತು. ಆ ಮದುವೆಯ ವೈಭವ ದೇಶದಾದ್ಯಂತ ಸುದ್ದಿಯಾಯಿತು. ಎಂಟು ತಿಂಗಳ ಬಳಿಕ ನಡೆದ ಚುನಾವಣೆಯಲ್ಲಿ ಅಣ್ಣಾ ಡಿಎಂಕೆಗೆ ದಕ್ಕಿದ್ದು ನಾಲ್ಕೇ ಸ್ಥಾನ. ಬರ್ಗೂರಿನಲ್ಲಿ ಸ್ವತಃ ಮುಖ್ಯಮಂತ್ರಿಯೇ ಡಿಎಂಕೆಯ ಇ.ಜಿ. ಸುಗವನಂ ಎದುರು ಸೋತರು. ಸೋಲಿಗೆ ಮದುವೆಯೊಂದೇ ಕಾರಣವೆನ್ನುವುದು ಅತಿಸರಳ ವಿವರಣೆ, ಆದರೆ ವಿರೋಧಿಗಳಿಗೆ ಅದಕ್ಕಿಂತ ಸುಲಭವಾದ ಪ್ರಚಾರ ಸಾಮಗ್ರಿ ಬೇಕಿರಲಿಲ್ಲ.

ಪ್ರಕರಣಕ್ಕೆ ನಾಂದಿಯಾದದ್ದು 1996ರ ಜೂನ್ 14ರಂದು ಜನತಾ ಪಕ್ಷದ ಸುಬ್ರಮಣಿಯನ್ ಸ್ವಾಮಿ ಚೆನ್ನೈನ ಪ್ರಧಾನ ಸೆಷನ್ಸ್ ನ್ಯಾಯಾಲಯಕ್ಕೆ ಸಲ್ಲಿಸಿದ ಖಾಸಗಿ ದೂರು. ಅದೇ ಹೊತ್ತಿಗೆ ಎಂ. ಕರುಣಾನಿಧಿ ನೇತೃತ್ವದ ಡಿಎಂಕೆ ಸರ್ಕಾರ ಅಧಿಕಾರಕ್ಕೆ ಬಂದಿತ್ತು. ಸೆಪ್ಟೆಂಬರ್ 18ರಂದು ರಾಜ್ಯದ ಜಾಗೃತಿ ಮತ್ತು ಭ್ರಷ್ಟಾಚಾರ ತಡೆ ನಿರ್ದೇಶನಾಲಯ ಪ್ರಥಮ ವರ್ತಮಾನ ವರದಿ ದಾಖಲಿಸಿತು. ತನಿಖೆಯ ಮುಖ್ಯ ಹೊಣೆ ಹೊತ್ತವರು ನಲ್ಲಮ್ಮ ನಾಯ್ಡು ಎಂಬ ಪೊಲೀಸ್ ಅಧಿಕಾರಿ. ಡಿಸೆಂಬರಿನಲ್ಲಿ ಜಯಲಲಿತಾ ಅವರ ಪೋಯಸ್ ಗಾರ್ಡನ್ನಿನ ನಿವಾಸದಲ್ಲಿ ನಡೆದ ಶೋಧದಲ್ಲಿ ಸಿಕ್ಕ ಸುಮಾರು 28 ಕಿಲೋ ಚಿನ್ನ, 800 ಕಿಲೋ ಬೆಳ್ಳಿ, ಹತ್ತು ಸಾವಿರಕ್ಕೂ ಹೆಚ್ಚು ಸೀರೆ, 750 ಜೊತೆ ಪಾದರಕ್ಷೆಗಳ ಪಟ್ಟಿ ಜನರ ಬಾಯಲ್ಲಿ ಉಳಿದುಹೋಯಿತು. ಮೊಕದ್ದಮೆಯ ತಿರುಳು ಮಾತ್ರ ಸೀರೆ ಚಪ್ಪಲಿಗಳಲ್ಲಿರಲಿಲ್ಲ; ಅದಿದ್ದುದು ಬ್ಯಾಂಕ್ ಪುಸ್ತಕಗಳಲ್ಲಿ ಮತ್ತು ಕ್ರಯಪತ್ರಗಳಲ್ಲಿ.

ಭ್ರಷ್ಟಾಚಾರ ತಡೆ ಕಾಯಿದೆಯ 13ನೆಯ ಕಲಮಿನ ಒಂದು ಉಪವಿಧಿಯ ಪ್ರಕಾರ, ಸಾರ್ವಜನಿಕ ಹುದ್ದೆಯಲ್ಲಿರುವ ವ್ಯಕ್ತಿಯ ಬಳಿ, ಅಥವಾ ಆ ವ್ಯಕ್ತಿಯ ಪರವಾಗಿ ಬೇರೆಯವರ ಬಳಿ, ತಿಳಿದ ಆದಾಯಕ್ಕೆ ಹೊಂದದ ಆಸ್ತಿ ಇದ್ದು ಅದಕ್ಕೆ ತೃಪ್ತಿಕರ ಸಮಜಾಯಿಷಿ ಇಲ್ಲದಿದ್ದರೆ ಅದೇ ಅಪರಾಧ. ಲಂಚ ಕೊಟ್ಟವರು ಯಾರು, ಯಾವ ಕೆಲಸಕ್ಕೆ ಎಂಬುದನ್ನು ಸಾಬೀತುಪಡಿಸಬೇಕಿಲ್ಲ. ಹೀಗಾಗಿ ತನಿಖೆಯೆಂದರೆ ಮೂಲತಃ ಒಂದು ಲೆಕ್ಕ. ಅವಧಿಯ ಕೊನೆಯಲ್ಲಿದ್ದ ಆಸ್ತಿಗೆ ಆ ಅವಧಿಯ ಖರ್ಚನ್ನು ಕೂಡಿಸಿ, ಆದಾಯವನ್ನೂ ಮೊದಲಿದ್ದ ಆಸ್ತಿಯನ್ನೂ ಕಳೆದರೆ ಉಳಿಯುವ ಮೊತ್ತವೇ ಆರೋಪ. 1991ರ ಜುಲೈ 1ರಂದು ನಾಲ್ವರಿಗೂ ಸೇರಿ 2.01 ಕೋಟಿ ರೂಪಾಯಿ ಆಸ್ತಿ ಇತ್ತೆಂದೂ, ಐದು ವರ್ಷದ ಕೊನೆಗೆ ಅದು 66.44 ಕೋಟಿಯಾಯಿತೆಂದೂ, ನಡುವೆ ಬಂದ ಆದಾಯ 9.34 ಕೋಟಿ, ಆದ ಖರ್ಚು 11.56 ಕೋಟಿ ಎಂದೂ ತನಿಖಾಧಿಕಾರಿಗಳು ಲೆಕ್ಕ ಹಾಕಿದರು. 1997ರ ಜೂನ್ 4ರಂದು ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಕಾಣುವ 66.65 ಕೋಟಿಯ ಅಂಕಿ ಬಂದದ್ದು ಹೀಗೆ. ಆಸ್ತಿಯ ಪಟ್ಟಿಯಲ್ಲೇ 306 ಬಾಬುಗಳಿದ್ದವು.

ಈ ಆಸ್ತಿ ಯಾರ ಹೆಸರಿನಲ್ಲಿತ್ತು ಎಂಬುದೇ ಪ್ರಕರಣದ ಜೀವಾಳ. ಅವಧಿಯ ಆರಂಭದಲ್ಲಿ ಜಯಲಲಿತಾ ಮತ್ತು ಶಶಿಕಲಾ ಪಾಲುದಾರರಾಗಿದ್ದ ಜಯಾ ಪಬ್ಲಿಕೇಷನ್ಸ್ ಮತ್ತು ಶಶಿ ಎಂಟರ್‌ಪ್ರೈಸಸ್ ಮುಖ್ಯ ಸಂಸ್ಥೆಗಳಾಗಿದ್ದವು. ಕೊನೆಯ ವೇಳೆಗೆ ಸಂಸ್ಥೆಗಳ ಸಂಖ್ಯೆ ಮೂವತ್ತನ್ನು ದಾಟಿತ್ತು, ಅವುಗಳಲ್ಲಿ ಹತ್ತು ಒಂದೇ ದಿನ ಹುಟ್ಟಿದವು. ಜೆ ಫಾರ್ಮ್ ಹೌಸಸ್, ಜೆ.ಎಸ್. ಹೌಸಿಂಗ್, ಜಯ್ ರಿಯಲ್ ಎಸ್ಟೇಟ್, ಗ್ರೀನ್ ಫಾರ್ಮ್ ಹೌಸ್, ಆಂಜನೇಯ ಪ್ರಿಂಟರ್ಸ್, ಸೂಪರ್ ಡೂಪರ್ ಟಿವಿ ಎಂಬ ಹೆಸರುಗಳು ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬ್ಯಾಂಕ್ ಖಾತೆಗಳು ಹತ್ತು ಹನ್ನೆರಡರಿಂದ ಐವತ್ತರ ಆಸುಪಾಸಿಗೆ ಏರಿದವು. ಒಂದು ಖಾತೆಯಲ್ಲಿ ನಗದು ಕಟ್ಟುವುದು, ಅಲ್ಲಿಂದ ಇನ್ನೊಂದು ಸಂಸ್ಥೆಯ ಖಾತೆಗೆ ವರ್ಗಾಯಿಸುವುದು, ಅದರಿಂದ ಮೂರನೆಯ ಸಂಸ್ಥೆಯ ಹೆಸರಿನಲ್ಲಿ ಜಮೀನು ಕೊಳ್ಳುವುದು, ಹೀಗೆ ಹಣ ಒಂದು ಮನೆಯೊಳಗಿನ ಕೋಣೆಗಳಲ್ಲಿ ಓಡಾಡಿದಂತೆ ಓಡಾಡುತ್ತಿತ್ತು. ಬಹುತೇಕ ಸಂಸ್ಥೆಗಳಿಗೆ ಆಸ್ತಿ ಖರೀದಿಯ ಹೊರತು ಬೇರೆ ವ್ಯಾಪಾರವೇ ಕಾಣಲಿಲ್ಲ, ಅವುಗಳ ಆಡಳಿತ ನಡೆಯುತ್ತಿದ್ದುದು ಮುಖ್ಯಮಂತ್ರಿಯ ನಿವಾಸದಿಂದಲೇ.

ಇನ್ನು ಕೆಲವು ಸಂಸ್ಥೆಗಳನ್ನು ಹೊಸದಾಗಿ ಕಟ್ಟಿದ್ದಲ್ಲ, ಇದ್ದ ಕಂಪನಿಗಳ ಷೇರುಗಳನ್ನು ಕೊಂಡು ಒಳಗಿನವರನ್ನು ಬದಲಿಸಿ ಪಡೆದದ್ದು. ಲೆಕ್ಸ್ ಪ್ರಾಪರ್ಟಿ, ಸಿಗ್ನೋರಾ, ರಾಮರಾಜ್ ಆಗ್ರೋ ಮಿಲ್ಸ್, ರಿವರ್‌ವೇ ಆಗ್ರೋ, ಮೆಡೋ ಆಗ್ರೋ ಫಾರ್ಮ್ಸ್, ಇಂಡೋ ದೋಹಾ ಎಂಬ ಆರು ಕಂಪನಿಗಳು ಈ ಬಗೆಯವು. ತೆಂಕಣ ತಮಿಳುನಾಡಿನ ಒಣಭೂಮಿಯನ್ನು ನೂರಾರು ಎಕರೆಗಳ ಲೆಕ್ಕದಲ್ಲಿ ಕೊಂಡದ್ದು ಇಂಥ ಹೆಸರುಗಳಲ್ಲಿ. ನೋಂದಣಿ ಅಧಿಕಾರಿಗಳೇ ಪೋಯಸ್ ಗಾರ್ಡನ್ನಿಗೆ ಹೋಗಿ ಪತ್ರಗಳನ್ನು ನೋಂದಾಯಿಸಿದರೆಂಬ, ಕೊಳ್ಳುವವರ ಹೆಸರಿನ ಜಾಗ ಖಾಲಿ ಇದ್ದ ಪತ್ರಗಳೂ ಇದ್ದವೆಂಬ ಸಾಕ್ಷ್ಯ ನ್ಯಾಯಾಲಯದ ಮುಂದೆ ಬಂತು. ನಾಟ್ರಾಂಪಾಳ್ಯದಂಥ ಊರಿನ ರೈತನೊಬ್ಬ ಅರ್ಧ ಎಕರೆಯ ಪಟ್ಟಾ ಬದಲಿಸಲು ತಾಲ್ಲೂಕು ಕಚೇರಿಗೆ ಅಲೆಯುವ ರೀತಿಯನ್ನು ಬಲ್ಲವರಿಗೆ ಈ ಒಂದು ಸಾಕ್ಷ್ಯದ ತೂಕ ಉಳಿದೆಲ್ಲ ಅಂಕಿಗಳಿಗಿಂತ ಹೆಚ್ಚು.

ಆರೋಪಿಗಳ ಸಮಜಾಯಿಷಿಯೂ ಲೆಕ್ಕದ ರೂಪದಲ್ಲೇ ಬಂತು. ಪಕ್ಷದ ಮುಖವಾಣಿಯಾಗಿದ್ದ 'ನಮದು ಎಂಜಿಆರ್' ಪತ್ರಿಕೆಗೆ ಓದುಗರು ಠೇವಣಿ ಇಟ್ಟು, ಬಡ್ಡಿಯ ಬದಲಿಗೆ ಉಚಿತ ಪ್ರತಿಗಳನ್ನು ಪಡೆಯುವ ಯೋಜನೆಯಿತ್ತೆಂದೂ ಅದರಿಂದ ಸುಮಾರು 14 ಕೋಟಿ ಬಂತೆಂದೂ ವಾದಿಸಲಾಯಿತು. ಹೈದರಾಬಾದಿನ ಬಳಿಯ ಜೀಡಿಮೆಟ್ಲದ ದ್ರಾಕ್ಷಿ ತೋಟದ ಉತ್ಪನ್ನ, ಹುಟ್ಟುಹಬ್ಬಕ್ಕೆ ಕಾರ್ಯಕರ್ತರು ಕೊಟ್ಟ ಕಾಣಿಕೆ, ಕೇಬಲ್ ಟಿವಿ ನಡೆಸುವವರ ಠೇವಣಿ ಇವನ್ನೂ ಸೇರಿಸಲಾಯಿತು. ಇಡೀ ಪ್ರಕರಣ ರಾಜಕೀಯ ದ್ವೇಷದ ಫಲವೆಂಬುದು ಜಯಲಲಿತಾ ಅವರು ಕೊನೆಯವರೆಗೂ ಬಿಡದ ವಾದ. ತನಿಖೆಯನ್ನು ಆರಂಭಿಸಿದವರು ಅವರ ಎದುರಾಳಿಗಳೆಂಬುದು ನಿಜವೂ ಹೌದು. ಆದರೆ ಎದುರಾಳಿಗಳು ಹುಡುಕಿ ತೆಗೆದ ಬ್ಯಾಂಕ್ ಖಾತೆ ಅದರಿಂದ ಸುಳ್ಳಾಗುವುದಿಲ್ಲ.

1997ರ ಅಕ್ಟೋಬರಿನಲ್ಲಿ ಆರೋಪ ನಿಗದಿಯಾಗಿ, 2000ದ ಆಗಸ್ಟ್ ವೇಳೆಗೆ ಅಭಿಯೋಜನೆಯ 250 ಸಾಕ್ಷಿಗಳ ವಿಚಾರಣೆ ಮುಗಿದಿತ್ತು. ಅಷ್ಟರಲ್ಲಿ ಬೇರೆ ಪ್ರಕರಣಗಳ ತೀರ್ಪುಗಳು ಬರತೊಡಗಿದವು. 2000ದ ಫೆಬ್ರವರಿ 2ರಂದು ಕೊಡೈಕನಾಲಿನ ಪ್ಲೆಸೆಂಟ್ ಸ್ಟೇ ಹೋಟೆಲ್ ಪ್ರಕರಣದಲ್ಲಿ ಜಯಲಲಿತಾ ಅವರಿಗೆ ಶಿಕ್ಷೆಯಾದ ದಿನ, ಧರ್ಮಪುರಿಯ ಹೊರವಲಯದ ಇಲಕ್ಕಿಯಂಪಟ್ಟಿಯಲ್ಲಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಸ್ಸಿಗೆ ಪಕ್ಷದವರು ಬೆಂಕಿ ಹಚ್ಚಿ, ಮೂವರು ವಿದ್ಯಾರ್ಥಿನಿಯರು ಸುಟ್ಟು ಸತ್ತರು. ಮೊಕದ್ದಮೆಯ ಚರಿತ್ರೆಯಲ್ಲಿ ಈ ಘಟನೆಗೆ ಕಾನೂನಿನ ಸ್ಥಾನವಿಲ್ಲ, ಆದರೆ ತೀರ್ಪು ಹೊರಬೀಳುವ ದಿನ ಗಡಿ ಸೀಮೆಯ ಬಸ್ಸುಗಳು ಏಕೆ ನಿಲ್ಲುತ್ತಿದ್ದವು ಎಂಬುದಕ್ಕೆ ಅದೇ ಉತ್ತರ.

ಅದೇ ವರ್ಷದ ಅಕ್ಟೋಬರಿನಲ್ಲಿ ಟಾನ್ಸಿ ಪ್ರಕರಣದಲ್ಲೂ ಶಿಕ್ಷೆಯಾಯಿತು. ಟಾನ್ಸಿ ಎಂದರೆ ತಮಿಳುನಾಡು ಸಣ್ಣ ಕೈಗಾರಿಕೆಗಳ ನಿಗಮ; ಅದರ ಗಿಂಡಿಯ ಜಮೀನನ್ನು ಜಯಾ ಪಬ್ಲಿಕೇಷನ್ಸ್ ಮತ್ತು ಶಶಿ ಎಂಟರ್‌ಪ್ರೈಸಸ್ ಕೊಂಡಿದ್ದವು. ಅಂದರೆ ಮುಖ್ಯಮಂತ್ರಿಯ ಸರ್ಕಾರಿ ಸಂಸ್ಥೆ ಮಾರಿತು, ಮುಖ್ಯಮಂತ್ರಿಯ ಖಾಸಗಿ ಸಂಸ್ಥೆ ಕೊಂಡಿತು. ಮೇಲ್ಮನವಿಯಲ್ಲಿ ಅವರು ಖುಲಾಸೆಯಾದರೂ, 2003ರಲ್ಲಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯುವಾಗಲೇ ಜಮೀನನ್ನು ಹಿಂದಿರುಗಿಸುವ ಮಾತನ್ನೂ ಎತ್ತಿತು, ಅವರು ಹಿಂದಿರುಗಿಸಿದರು. ಈ ನಡುವೆ 2001ರ ಚುನಾವಣೆಗೆ ಅವರು ಸಲ್ಲಿಸಿದ ನಾಲ್ಕು ನಾಮಪತ್ರಗಳಲ್ಲಿ ಒಂದು ಕೃಷ್ಣಗಿರಿ ಕ್ಷೇತ್ರದ್ದಾಗಿತ್ತು. ನಾಲ್ಕೂ ತಿರಸ್ಕೃತವಾದವು, ಆದರೂ ಪಕ್ಷ ಗೆದ್ದು ಅವರು ಶಾಸಕಿಯಾಗದೆಯೇ ಮುಖ್ಯಮಂತ್ರಿಯಾದರು, ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಆ ನೇಮಕವನ್ನು ರದ್ದುಪಡಿಸಿತು, 2002ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು.

ಅಧಿಕಾರ ಬದಲಾದೊಡನೆ ಚೆನ್ನೈನ ನ್ಯಾಯಾಲಯದಲ್ಲಿ ಮೊಕದ್ದಮೆಯ ಬಣ್ಣವೂ ಬದಲಾಯಿತು. ಈಗಾಗಲೇ ಹೇಳಿಕೆ ಕೊಟ್ಟಿದ್ದ 76 ಸಾಕ್ಷಿಗಳನ್ನು ಪಾಟಿಸವಾಲಿಗೆಂದು ಮರಳಿ ಕರೆಸಲಾಯಿತು, ಅವರಲ್ಲಿ 64 ಮಂದಿ ಮೊದಲಿನ ಮಾತಿನಿಂದ ಹಿಂದೆ ಸರಿದರು. ಸರ್ಕಾರಿ ವಕೀಲರು ಆಕ್ಷೇಪಿಸಲಿಲ್ಲ. ಸಾಕ್ಷಿ ತಿರುಗಿಬಿದ್ದಾಗ ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಪ್ರಶ್ನಿಸುವ ಸಾಮಾನ್ಯ ಕ್ರಮವನ್ನೂ ಕೈಗೊಳ್ಳಲಿಲ್ಲ. ಸಾಕ್ಷ್ಯಗಳ ಬಗ್ಗೆ ಆರೋಪಿಯನ್ನು ನ್ಯಾಯಾಧೀಶರೇ ಮುಖತಃ ಕೇಳುವ ಹಂತದಲ್ಲಿ ಜಯಲಲಿತಾ ಅವರಿಗೆ ಹಾಜರಾತಿಯಿಂದ ವಿನಾಯಿತಿ ದೊರೆತು, ಪ್ರಶ್ನಾವಳಿ ಅವರ ಮನೆಗೇ ಹೋಯಿತು. ಇದನ್ನೆಲ್ಲ ಮುಂದಿಟ್ಟು ಡಿಎಂಕೆಯ ಹಿರಿಯ ನಾಯಕ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿನ ಮೊರೆಹೋದರು. ನ್ಯಾಯಮೂರ್ತಿಗಳಾದ ಎಸ್.ಎನ್. ವರಿಯಾವ ಮತ್ತು ಎಚ್.ಕೆ. ಸೇಮಾ 2003ರ ನವೆಂಬರ್ 18ರಂದು ಮೊಕದ್ದಮೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿದರು: ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯವರೊಡನೆ ಸಮಾಲೋಚಿಸಿ ಕರ್ನಾಟಕವು ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ರಚಿಸಬೇಕು, ಹಿರಿಯ ವಕೀಲರೊಬ್ಬರನ್ನು ವಿಶೇಷ ಸರ್ಕಾರಿ ಅಭಿಯೋಜಕರನ್ನಾಗಿ ನೇಮಿಸಬೇಕು, ಖರ್ಚನ್ನು ತಮಿಳುನಾಡು ಭರಿಸಬೇಕು.

ಕಾವೇರಿ ನೀರಿಗಾಗಿ ಇದೇ ಎರಡು ರಾಜ್ಯಗಳು ಅದೇ ಸುಪ್ರೀಂ ಕೋರ್ಟಿನಲ್ಲಿ ಜಗಳವಾಡುತ್ತಿದ್ದ ಕಾಲವದು. ನಿಷ್ಪಕ್ಷಪಾತಕ್ಕಾಗಿ ನೆರೆಮನೆಯನ್ನು ಆರಿಸಿದ್ದರಲ್ಲಿ ಸಣ್ಣ ವ್ಯಂಗ್ಯ ಇಲ್ಲದಿಲ್ಲ.

ಬೆಂಗಳೂರಿನ ಹಂತ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಎಳೆಯಿತು. ತಮಿಳಿನಲ್ಲಿದ್ದ ಸಾವಿರಾರು ಪುಟಗಳ ದಾಖಲೆ ಇಂಗ್ಲಿಷಿಗೆ ಬರಬೇಕಿತ್ತು, ಆರೋಪಿಗಳು ಒಂದಾದ ಮೇಲೊಂದು ಅರ್ಜಿ ಸಲ್ಲಿಸಿದರು, ಒಂದೊಂದು ಅರ್ಜಿಯೂ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿ ಇಳಿಯಿತು. ಅಭಿಯೋಜಕರಾಗಿ ನೇಮಕಗೊಂಡವರು ಉಡುಪಿ ಜಿಲ್ಲೆಯ ಬೆಳಪು ಮೂಲದ, ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿ ಅನುಭವವಿದ್ದ ಬಿ.ವಿ. ಆಚಾರ್ಯ. 2011ರಲ್ಲಿ ಜಯಲಲಿತಾ ಮತ್ತೆ ಮುಖ್ಯಮಂತ್ರಿಯಾದಾಗ ವಿಚಿತ್ರ ಸ್ಥಿತಿಯೊಂದು ಏರ್ಪಟ್ಟಿತು: ತನಿಖಾ ಸಂಸ್ಥೆ ಆರೋಪಿಯ ಅಧೀನ, ವಕೀಲರು ಮಾತ್ರ ಕರ್ನಾಟಕದವರು. ಆ ವರ್ಷದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ನಾಲ್ಕು ದಿನ ಬೆಂಗಳೂರಿಗೆ ಬಂದು ಅವರು 1,339 ಪ್ರಶ್ನೆಗಳಿಗೆ ಉತ್ತರಿಸಿದರು. ಆಚಾರ್ಯ ಅವರು 2012ರಲ್ಲಿ, ತಮ್ಮ ಮೇಲೆ ನಾನಾ ಬಗೆಯ ಒತ್ತಡ ಬಂತೆಂದು ಹೇಳಿ, ಹೊಣೆ ಬಿಟ್ಟರು. ಅವರ ಜಾಗಕ್ಕೆ 2013ರಲ್ಲಿ ಬಂದ ಜಿ. ಭವಾನಿ ಸಿಂಗ್ ಅವರನ್ನು ಕರ್ನಾಟಕ ಸರ್ಕಾರ ತೆಗೆದುಹಾಕಲು ಹೊರಟಾಗ, ಅವರೇ ಇರಲಿ ಎಂದು ಸುಪ್ರೀಂ ಕೋರ್ಟಿಗೆ ಹೋದವರು ಆರೋಪಿಗಳು. ತನ್ನ ವಿರುದ್ಧ ವಾದಿಸುವ ವಕೀಲನನ್ನು ಉಳಿಸಿಕೊಳ್ಳಲು ಆರೋಪಿಯೇ ಹೋರಾಡಿ ಗೆದ್ದ ನಿದರ್ಶನ ಭಾರತದ ನ್ಯಾಯಾಲಯಗಳಲ್ಲಿ ಅಪರೂಪ.

2013ರ ಅಕ್ಟೋಬರ್ 31ರಂದು ವಿಶೇಷ ನ್ಯಾಯಾಧೀಶರಾಗಿ ಬಂದ ದಕ್ಷಿಣ ಕನ್ನಡದ ಜಾನ್ ಮೈಕೆಲ್ ಡಿಕುನ್ಹಾ ಹನ್ನೊಂದು ತಿಂಗಳಲ್ಲಿ ಮೊಕದ್ದಮೆಯನ್ನು ಮುಗಿಸಿದರು. 2014ರ ಸೆಪ್ಟೆಂಬರ್ 27ರಂದು, ಭದ್ರತೆಯ ಕಾರಣಕ್ಕೆ ಹೊಸೂರು ರಸ್ತೆಯ ಪಕ್ಕದ ಪರಪ್ಪನ ಅಗ್ರಹಾರದ ಜೈಲಿನ ಆವರಣಕ್ಕೆ ಸ್ಥಳಾಂತರಿಸಿದ್ದ ನ್ಯಾಯಾಲಯದಲ್ಲಿ, ತೀರ್ಪು ಹೊರಬಿತ್ತು. ಅಭಿಯೋಜನೆಯ ಅಂಕಿಗಳನ್ನು ಅವರು ಕಣ್ಣುಮುಚ್ಚಿ ಒಪ್ಪಿರಲಿಲ್ಲ: ಕಟ್ಟಡಗಳ ಬೆಲೆಯನ್ನು ಶೇಕಡ 20ರಷ್ಟು ಇಳಿಸಿದರು, ಮದುವೆಯ ಖರ್ಚೆಂದು ಹೇಳಿದ್ದ 6.45 ಕೋಟಿಯನ್ನು 3 ಕೋಟಿಗೆ ತಂದರು. ಅಷ್ಟಾದರೂ ಉಳಿದದ್ದು 53.60 ಕೋಟಿ. ನಾಲ್ವರಿಗೂ ನಾಲ್ಕು ವರ್ಷ ಸಜೆ, ಜಯಲಲಿತಾ ಅವರಿಗೆ 100 ಕೋಟಿ, ಉಳಿದವರಿಗೆ ತಲಾ 10 ಕೋಟಿ ದಂಡ, ಆರು ಕಂಪನಿಗಳ ಜಮೀನಿನ ಮುಟ್ಟುಗೋಲು. ಸುಪ್ರೀಂ ಕೋರ್ಟಿನ ಹಿಂದಿನ ವರ್ಷದ ಲಿಲಿ ಥಾಮಸ್ ತೀರ್ಪಿನಿಂದಾಗಿ, ಶಿಕ್ಷೆಯಾದ ಕ್ಷಣವೇ ಶಾಸಕತ್ವವೂ ಮುಖ್ಯಮಂತ್ರಿ ಪದವಿಯೂ ಹೋದವು. ಅಂದು ಬೆಳಿಗ್ಗೆ ಮುಖ್ಯಮಂತ್ರಿಯಾಗಿ ವಿಮಾನದಲ್ಲಿ ಬಂದವರು ಸಂಜೆ ಕೈದಿಯಾಗಿದ್ದರು. ಸುಪ್ರೀಂ ಕೋರ್ಟಿನ ಜಾಮೀನು ದೊರೆತದ್ದು ಅಕ್ಟೋಬರ್ 17ರಂದು.

ಮೇಲ್ಮನವಿಯಲ್ಲಿ ಅಭಿಯೋಜಕರ ಪ್ರಶ್ನೆ ಮತ್ತೆ ಎದ್ದಿತು. ಭವಾನಿ ಸಿಂಗ್ ಅವರನ್ನು ಹೈಕೋರ್ಟಿನ ವಾದಕ್ಕೆ ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ಕರ್ನಾಟಕದ್ದು ಮಾತ್ರವೆಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳುವಷ್ಟರಲ್ಲಿ ಮೌಖಿಕ ವಾದ ಮುಗಿದುಹೋಗಿತ್ತು, ಆಚಾರ್ಯ ಅವರು ಅವಸರದಲ್ಲಿ ಲಿಖಿತ ವಾದ ಸಲ್ಲಿಸಬೇಕಾಯಿತು. ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ನಾಲ್ವರನ್ನೂ ಖುಲಾಸೆ ಮಾಡಿದರು. ಅವರ ಲೆಕ್ಕದಲ್ಲಿ ಆಸ್ತಿ 37.59 ಕೋಟಿ, ಆದಾಯ 34.76 ಕೋಟಿ, ಹೆಚ್ಚುವರಿ ಶೇಕಡ 8.12 ಮಾತ್ರ. 1977ರ ಕೃಷ್ಣಾನಂದ ಅಗ್ನಿಹೋತ್ರಿ ತೀರ್ಪಿನ ಪ್ರಕಾರ ಶೇಕಡ 10ರೊಳಗಿನ ವ್ಯತ್ಯಾಸವನ್ನು ಗಣಿಸಬೇಕಿಲ್ಲ. ಮದುವೆಯ ಖರ್ಚು 28.68 ಲಕ್ಷಕ್ಕೆ, ಕಟ್ಟಡಗಳ ಬೆಲೆ 5.10 ಕೋಟಿಗೆ ಇಳಿದಿತ್ತು. ಆದರೆ ತೀರ್ಪು ಹೊರಬಿದ್ದ ದಿನವೇ ಆಚಾರ್ಯ ಅವರು ಕೂಡುವಿಕೆಯ ತಪ್ಪೊಂದನ್ನು ಎತ್ತಿ ತೋರಿಸಿದರು: ಸಾಲವೆಂದು ಪಟ್ಟಿ ಮಾಡಿದ ಹತ್ತು ಬಾಬುಗಳ ಮೊತ್ತ 24.17 ಕೋಟಿ ಎಂದು ತೀರ್ಪಿನಲ್ಲಿತ್ತು. ಕೂಡಿದರೆ ಬರುವುದು 10.67 ಕೋಟಿ. ಆ 13.50 ಕೋಟಿಯನ್ನು ಆದಾಯದಿಂದ ಕಳೆದರೆ ಹೆಚ್ಚುವರಿ 16.32 ಕೋಟಿ, ಅಂದರೆ ಶೇಕಡ 76ರಷ್ಟು. ಹದಿನೆಂಟು ವರ್ಷದ ತನಿಖೆ ಮತ್ತು ವಿಚಾರಣೆ ಒಂದು ಪುಟದ ಸಂಕಲನದ ಮೇಲೆ ನಿಂತದ್ದು ಹೀಗೆ. ಜಯಲಲಿತಾ ಮೇ 23ರಂದು ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಕರ್ನಾಟಕದ ಸಿದ್ದರಾಮಯ್ಯ ಸಂಪುಟ ಜೂನ್ 1ರಂದು ಮೇಲ್ಮನವಿಗೆ ತೀರ್ಮಾನಿಸಿತು; ನೆರೆರಾಜ್ಯದ ಪ್ರಬಲ ಮುಖ್ಯಮಂತ್ರಿಯೊಬ್ಬರನ್ನು ಎದುರು ಹಾಕಿಕೊಳ್ಳುವ ಈ ನಿರ್ಧಾರವನ್ನು ಆಗ ಅನೇಕರು ಅನಗತ್ಯವೆಂದದ್ದುಂಟು, ಆದರೆ ಏಕೈಕ ಅಭಿಯೋಜಕ ರಾಜ್ಯವಾಗಿದ್ದ ಕರ್ನಾಟಕಕ್ಕೆ ಗೌರವದ ದಾರಿ ಬೇರೆ ಇರಲಿಲ್ಲ.

ಸುಪ್ರೀಂ ಕೋರ್ಟ್ ತೀರ್ಪು ಕಾಯ್ದಿರಿಸಿದ್ದಾಗಲೇ, 2016ರ ಡಿಸೆಂಬರ್ 5ರಂದು, ಜಯಲಲಿತಾ ತೀರಿಕೊಂಡರು. 2017ರ ಫೆಬ್ರವರಿ 5ರಂದು ಶಶಿಕಲಾ ಶಾಸಕಾಂಗ ಪಕ್ಷದ ನಾಯಕಿಯಾಗಿ ಆಯ್ಕೆಯಾದರು, ಮುಖ್ಯಮಂತ್ರಿ ಪದವಿಗೆ ಇನ್ನೊಂದೇ ಹೆಜ್ಜೆ ಉಳಿದಿತ್ತು. ಒಂಬತ್ತು ದಿನಗಳ ಬಳಿಕ ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತವ ರಾಯ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಡಿಕುನ್ಹಾ ಅವರ ತೀರ್ಪನ್ನು ಪೂರ್ಣವಾಗಿ ಪುನಃಸ್ಥಾಪಿಸಿದರು. ರಕ್ತಸಂಬಂಧವಿಲ್ಲದ ಮೂವರಿಗೆ ಮನೆಯಲ್ಲಿ ಜಾಗ ಕೊಟ್ಟದ್ದು ಬರಿಯ ಔದಾರ್ಯವಲ್ಲ, ಆಸ್ತಿಯನ್ನು ಹಿಡಿದಿಡುವ ಒಳಸಂಚಿನ ಭಾಗ ಎಂಬುದು ನ್ಯಾಯಾಲಯದ ನಿಲುವು; ತನ್ನ ಮನೆಯಿಂದಲೇ ನಡೆಯುತ್ತಿದ್ದ ಸಂಸ್ಥೆಗಳ ವ್ಯವಹಾರ ತನಗೆ ತಿಳಿಯದೆಂಬ ವಾದವನ್ನು ಅದು ನಂಬಲಿಲ್ಲ. ಮರಣದಿಂದಾಗಿ ಜಯಲಲಿತಾ ಅವರಿಗೆ ಸಂಬಂಧಿಸಿದ ಮೇಲ್ಮನವಿ ಅಲ್ಲಿಗೇ ನಿಂತಿತು. 100 ಕೋಟಿ ದಂಡವನ್ನು ಅವರ ಆಸ್ತಿಯಿಂದ ವಸೂಲು ಮಾಡಬೇಕೆಂಬ ಕರ್ನಾಟಕದ ಪುನರ್ವಿಮರ್ಶಾ ಅರ್ಜಿಯೂ ತಿರಸ್ಕೃತವಾಯಿತು.

ಸುಪ್ರೀಂ ಕೋರ್ಟಿನ ತೀರ್ಪು ಬಂದ ಮರುದಿನ ಶಶಿಕಲಾ ರಸ್ತೆಯ ಮೂಲಕ ಬಂದು ಪರಪ್ಪನ ಅಗ್ರಹಾರದಲ್ಲಿ ಶರಣಾದರು. ಜೈಲಿನೊಳಗೆ ಅವರಿಗೆ ದೊರೆತ ಸೌಲಭ್ಯಗಳ ಬಗ್ಗೆ ಕರ್ನಾಟಕದ ಅಧಿಕಾರಿಗಳೇ ಎತ್ತಿದ ಆರೋಪಗಳು ಬೇರೆಯದೇ ತನಿಖೆಯ ವಿಷಯ. 10 ಕೋಟಿ ದಂಡ ಕಟ್ಟಿ, 2021ರ ಜನವರಿ 27ರಂದು ಬಿಡುಗಡೆಯಾಗಿ, ಫೆಬ್ರವರಿ 8ರಂದು ಅವರು ಅದೇ ಹೆದ್ದಾರಿಯಲ್ಲಿ ಮರಳಿದರು. ಗಡಿಯಲ್ಲಿ ಹೊಸೂರಿನ ಬಳಿ ಪೊಲೀಸರು ಕಾರಿನ ಮೇಲಿದ್ದ ಅಣ್ಣಾ ಡಿಎಂಕೆ ಧ್ವಜಕ್ಕೆ ಆಕ್ಷೇಪಿಸಿದ್ದರಿಂದ ಕಾರು ಬದಲಾಯಿತು. ಕೃಷ್ಣಗಿರಿ, ಬರ್ಗೂರು ದಾಟಿ ಚೆನ್ನೈ ತಲುಪಲು ಆರೇಳು ಗಂಟೆಯ ದಾರಿ ಸುಮಾರು 23 ಗಂಟೆ ಹಿಡಿಯಿತು.

ಬೆಂಗಳೂರಿನಲ್ಲಿ ಉಳಿದದ್ದು ಚಿನ್ನ ಮತ್ತು ಕಾಗದಪತ್ರ. ಅವನ್ನು ತಮಿಳುನಾಡಿಗೆ ಒಪ್ಪಿಸಬೇಕೆಂದು ವಿಶೇಷ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು. ಜಯಲಲಿತಾ ಅವರ ಅಣ್ಣನ ಮಗಳು, ಮರಣದಿಂದ ಮೇಲ್ಮನವಿ ನಿಂತ ಮೇಲೆ ಆಸ್ತಿ ವಾರಸುದಾರರದು ಎಂದು ಹೂಡಿದ ವಾದವನ್ನು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. 2025ರ ಫೆಬ್ರವರಿಯಲ್ಲಿ ಸುಮಾರು 27 ಕಿಲೋ ಚಿನ್ನಾಭರಣ ಮತ್ತು 1,500 ಎಕರೆಗೂ ಹೆಚ್ಚಿನ ಜಮೀನಿನ ಪತ್ರಗಳನ್ನು ತಮಿಳುನಾಡಿನ ಅಧಿಕಾರಿಗಳು ಎಣಿಸಿ, ತೂಗಿ, ಸಹಿ ಹಾಕಿ ಪಡೆದುಕೊಂಡರು. ಮೊಕದ್ದಮೆ ನಡೆಸಿದ ವೆಚ್ಚವೆಂದು ಕರ್ನಾಟಕಕ್ಕೆ ಸಲ್ಲಬೇಕೆಂದು ನ್ಯಾಯಾಲಯ ಗೊತ್ತುಪಡಿಸಿದ ಮೊತ್ತ 5 ಕೋಟಿ ರೂಪಾಯಿ.